ಓದುಗರ ಪ್ರಶ್ನೆ, ನಮ್ಮ ಉತ್ತರ: ತಪ್ಪು ಮಾಡದವನಿಗೆ ಸರ್ಕಾರದ ಭಯ ಯಾಕೆ?

ಹೋದ ಸಂಚಿಕೆಯಲ್ಲಿ ವಿಚಾರಣೆ ಇಲ್ಲದೆ ಜನರನ್ನ ಬಂಧನದಲ್ಲಿ ಇಡೋದರ ಬಗ್ಗೆ ಬರೆದಿದ್ದಕ್ಕೆ ತುಂಬಾ ಪತ್ರ ಬಂದಿವೆ. ಮೆಚ್ಚಿದವರು ಇದ್ದಾರೆ, ಬೈದವರೂ ಇದ್ದಾರೆ. ಎಲ್ಲದಕ್ಕೂ ಬರೆಯೋಕೆ ಜಾಗ ಸಾಲಲ್ಲ, ಅದಕ್ಕೆ ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಸೇರಿಸಿ ಕೆಲವನ್ನ ಆರಿಸ್ಕೊಂಡಿದೀನಿ. ಯಾರ ಹೆಸರೂ ಹಾಕಿಲ್ಲ, ಬೇಡ ಅಂತ ಕೆಲವರು ಕೇಳ್ಕೊಂಡಿದ್ರು.

ಪ್ರಶ್ನೆ: ಸಾರ್, ನೀವು ಬರೆದಿದ್ದು ಓದಿದೆ, ಒಪ್ಪೋಕೆ ಆಗ್ಲಿಲ್ಲ. ತಪ್ಪು ಮಾಡದೇ ಇರೋನಿಗೆ ಏನು ಭಯ? ಸರ್ಕಾರಕ್ಕೆ, ಪೊಲೀಸರಿಗೆ ಪೂರ್ತಿ ಅಧಿಕಾರ ಕೊಟ್ರೆ ತಾನೇ ಕಳ್ಳರು, ವಂಚಕರು ಸಿಕ್ಕಿಬೀಳೋದು? ನಿಮ್ಮಂಥವರು ಅಡ್ಡಗಾಲು ಹಾಕೋದ್ರಿಂದಲೇ ಅವರೆಲ್ಲ ತಪ್ಪಿಸ್ಕೊಳ್ತಿರೋದು.

ಉತ್ತರ: ನೇರವಾಗಿ ಕೇಳಿದೀರಿ, ನಾನೂ ನೇರವಾಗೇ ಹೇಳ್ತೀನಿ. ತಪ್ಪು ಮಾಡದವನಿಗೇ ಜಾಸ್ತಿ ಭಯ ಇರಬೇಕು. ನಿಜವಾಗಿ ತಪ್ಪು ಮಾಡಿದೋನು ಒಂದಲ್ಲ ಒಂದಿನ ಸಿಕ್ಕಿಬೀಳಬಹುದು ಅಂತ ಅಂದ್ಕೊಂಡೇ ಇರ್ತಾನೆ, ಕಾಗದಪತ್ರ ಸರಿ ಮಾಡ್ಕೊಂಡಿರ್ತಾನೆ, ವಕೀಲರನ್ನ ಗೊತ್ತು ಮಾಡ್ಕೊಂಡಿರ್ತಾನೆ. ಏನೂ ಮಾಡದವನು ಮಾತ್ರ ಇರೋ ವಿಷಯ ಹೇಳಿದ್ರೆ ಸಾಕು ಬಿಟ್ಬಿಡ್ತಾರೆ ಅಂತ ನಂಬಿ ಬರಿಗೈಲಿ ಹೋಗಿ ಕೂತ್ಕೊಳ್ತಾನೆ, ಎದುರಿಗೆ ಕೂತವರಿಗೆ ಅವನ ಮಾತು ಪರೀಕ್ಷೆ ಮಾಡಲೇಬೇಕು ಅನ್ನೋ ಕಟ್ಟುಪಾಡು ಇಲ್ಲ ಅಂದ್ರೆ ಅಲ್ಲಿಗೆ ಮುಗೀತು.

ಬ್ರಿಟನ್‌ನಲ್ಲಿ ಏನಾಯ್ತು ನೋಡಿ. ಅಲ್ಲಿ ಪೋಸ್ಟ್ ಆಫೀಸ್ ಸರ್ಕಾರದ ಒಡೆತನದ ಸಂಸ್ಥೆ, ಊರೂರಲ್ಲಿ ಸಣ್ಣ ಶಾಖೆಗಳನ್ನ ನಡೆಸೋರು ಸಬ್‌ಪೋಸ್ಟ್‌ಮಾಸ್ಟರ್‌ಗಳು, ಸಾಧಾರಣ ಜನ. 1999ರಿಂದ ಅಲ್ಲಿಗೆ ಹೊರೈಜನ್ ಅನ್ನೋ ಕಂಪ್ಯೂಟರ್ ಲೆಕ್ಕದ ವ್ಯವಸ್ಥೆ ಬಂತು, ಫುಜಿತ್ಸು ಕಂಪನಿದು. ಅದು ಬಂದ್ಮೇಲೆ ಲೆಕ್ಕ ಮುಗಿಸೋ ಹೊತ್ತಿಗೆ ಇವರ ಶಾಖೆಯಲ್ಲಿ ಇದ್ದಕ್ಕಿದ್ದಂತೆ ಸಾವಿರಾರು ಪೌಂಡ್ ಕಮ್ಮಿ ತೋರಿಸೋಕೆ ಶುರುವಾಯ್ತು, ಹೆಲ್ಪ್‌ಲೈನಿಗೆ ಫೋನ್ ಮಾಡಿದ್ರೆ ಈ ತೊಂದರೆ ನಿಮಗೊಬ್ಬರಿಗೇ ಬರ್ತಿರೋದು ಅಂತ ಎಷ್ಟೋ ಜನಕ್ಕೆ ಹೇಳಿದ್ರು, ಕಮ್ಮಿ ಬಿದ್ದಿದ್ದನ್ನ ನೀವೇ ತುಂಬಬೇಕು ಅಂತ ಕರಾರು ಬೇರೆ ಇತ್ತು. ಜನ ಉಳಿತಾಯದ ದುಡ್ಡು ತುಂಬಿದ್ರು, ಸಾಲ ಮಾಡಿ ತುಂಬಿದ್ರು, ಆಮೇಲೂ ಕೇಸ್ ಹಾಕಿಸ್ಕೊಂಡ್ರು. ಕೊನೆಗೆ ಲೆಕ್ಕ ಹಾಕಿದಾಗ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕ, ವಂಚನೆ ಅಂತ ಶಿಕ್ಷೆ ಆಗಿತ್ತು, ಅದರಲ್ಲಿ ಹೆಚ್ಚಿನ ಕೇಸುಗಳನ್ನ ಪೊಲೀಸರೂ ಅಲ್ಲ, ಪೋಸ್ಟ್ ಆಫೀಸೇ ಸ್ವತಃ ನಡೆಸಿತ್ತು. ದೂರುದಾರನೂ ಅದೇ, ತನಿಖೆ ಮಾಡಿದ್ದೂ ಅದೇ, ಕೋರ್ಟಲ್ಲಿ ವಾದಿಸಿದ್ದೂ ಅದೇ. ಈ ಮೂರೂ ಒಂದೇ ಕೈಲಿ ಇದ್ದಾಗ ಮಧ್ಯದಲ್ಲಿ ನಿಂತು "ಸ್ವಲ್ಪ ತಡೀರಿ, ತಪ್ಪು ಕಂಪ್ಯೂಟರಿಂದು ಇರಬಹುದಾ" ಅಂತ ಕೇಳೋಕೆ ಯಾರು ಉಳೀತಾರೆ ಹೇಳಿ.

ಇದರ ಮೇಲೆ ಅಲ್ಲಿನ ಕಾನೂನು ಇನ್ನೊಂದು ಪೆಟ್ಟು ಕೊಟ್ಟಿತ್ತು. ಕಂಪ್ಯೂಟರ್ ಕೊಟ್ಟ ಲೆಕ್ಕ ಸರಿ ಇದೆ ಅಂತ ಮೊದಲು ತೋರಿಸಬೇಕು ಅನ್ನೋ ಹಳೇ ನಿಯಮವನ್ನ 1999ರ ಕಾಯ್ದೆ ತೆಗೆದುಹಾಕ್ತು, ಆಮೇಲೆ ಕಂಪ್ಯೂಟರ್ ಸರಿ ಇದೆ ಅಂತಲೇ ಕೋರ್ಟ್ ಭಾವಿಸೋದು, ಇಲ್ಲ ಅನ್ನೋನು ಅದನ್ನ ಪ್ರಶ್ನೆ ಮಾಡೋಕೆ ಏನಾದ್ರೂ ಆಧಾರ ತರಬೇಕು. ಊರಿನ ಅಂಚೆ ಕಚೇರಿ ನಡೆಸೋ ಹೆಂಗಸು ಸಾಫ್ಟ್‌ವೇರಿನ ದೋಷಕ್ಕೆ ಆಧಾರ ಎಲ್ಲಿಂದ ತರಬೇಕು, ದಾಖಲೆ ಎಲ್ಲಾ ಎದುರಾಳಿ ಹತ್ರ ಇರುವಾಗ? ಹಾಗಾಗಿ ಎಷ್ಟೋ ಜನ ಕಳ್ಳತನದ ಆರೋಪ ಬಿಡ್ತಾರೆ, ಜೈಲು ತಪ್ಪುತ್ತೆ ಅಂತ ಸುಳ್ಳು ಲೆಕ್ಕ ಬರೆದಿದೀನಿ ಅಂತ ಮಾಡದ ತಪ್ಪು ಒಪ್ಕೊಂಡ್ರು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟ್ ಒಂದೇ ದಿನ 39 ಮಂದಿಯ ಶಿಕ್ಷೆ ರದ್ದು ಮಾಡ್ತು, 2024ರಲ್ಲಿ ಸಂಸತ್ತೇ ಕಾನೂನು ತಂದು ಉಳಿದವರಲ್ಲಿ ಹೆಚ್ಚಿನವರ ಶಿಕ್ಷೆಗಳನ್ನ ಸಾರಾಸಗಟಾಗಿ ಅಳಿಸಬೇಕಾಯ್ತು. ಅಷ್ಟರಲ್ಲಿ ಇಪ್ಪತ್ತು ವರ್ಷ ಹೋಗಿತ್ತು. ಈ ಕಾರಣಕ್ಕೆ ಕನಿಷ್ಠ 13 ಮಂದಿ ಪ್ರಾಣ ಕಳ್ಕೊಂಡಿರಬಹುದು ಅಂತ 2025ರಲ್ಲಿ ಬಂದ ಅಧಿಕೃತ ವಿಚಾರಣಾ ವರದಿ ಹೇಳತ್ತೆ.

ಅಡ್ಡಗಾಲು ಅಂತೀರಲ್ಲ, ಆ ಅಡ್ಡಗಾಲು ಇದ್ದಿದ್ರೆ ಅವರು ಬದುಕಿರ್ತಿದ್ರೇನೋ. ಅಪರಾಧಿ ತಪ್ಪಿಸ್ಕೋಬಾರದು ಅನ್ನೋ ನಿಮ್ಮ ಕಾಳಜಿ ನನಗೂ ಇದೆ. ಆದ್ರೆ ನಿರಪರಾಧಿಯನ್ನ ಹಿಡಿದು ಕೇಸ್ ಮುಗಿಸಿದ ದಿನ ನಿಜವಾದ ಕಾರಣ ಹುಡುಕೋ ಕೆಲಸವೂ ನಿಂತುಹೋಗತ್ತೆ, ಅದನ್ನ ಯಾರೂ ಯೋಚನೆ ಮಾಡಲ್ಲ.

ಪ್ರಶ್ನೆ: ಒಳ್ಳೆ ನಾಯಕ, ಪ್ರಾಮಾಣಿಕ ನಾಯಕ ಅಧಿಕಾರದಲ್ಲಿದ್ರೆ ಈ ಸಮಸ್ಯೆ ಬರಲ್ಲ ಅಲ್ವಾ? ಕೆಟ್ಟವರ ಕೈಗೆ ಅಧಿಕಾರ ಹೋದಾಗ ತಾನೇ ತೊಂದರೆ?

ಉತ್ತರ: ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನ ಕೆಟ್ಟ ನಾಯಕ ಅಂತ ಹೆಚ್ಚಿನವರು ಹೇಳಲ್ಲ, ಬಡವರಿಗೆ ಆಸರೆಯಾದವರು ಅಂತಲೇ ಇವತ್ತಿಗೂ ನೆನೆಸ್ಕೊಳ್ತಾರೆ. ಅದೇ ರೂಸ್‌ವೆಲ್ಟ್ ಜಪಾನ್ ಜೊತೆ ಯುದ್ಧ ನಡೀತಿದ್ದಾಗ, 1942ರ ಫೆಬ್ರವರಿ 19ಕ್ಕೆ 9066ನೇ ನಂಬರಿನ ಆದೇಶಕ್ಕೆ ಸಹಿ ಹಾಕಿದ್ರು, ಅದರ ಬಲದ ಮೇಲೆ ಜಪಾನಿ ಮೂಲದ ಸುಮಾರು 1,20,000 ಜನರನ್ನ ಮನೆಮಠ ಬಿಡಿಸಿ ಮುಳ್ಳುತಂತಿ ಹಾಕಿದ ಶಿಬಿರಗಳಲ್ಲಿ ಇಟ್ರು, ಮಕ್ಕಳು ಮುದುಕರು ಎಲ್ಲಾ ಸೇರಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಅಲ್ಲಿನ ಪ್ರಜೆಗಳು. ಒಬ್ಬೊಬ್ಬರ ಮೇಲೆ ಆರೋಪ ಏನು ಅಂತ ಯಾರೂ ಹೇಳ್ಲಿಲ್ಲ, ಯಾಕಂದ್ರೆ ಆರೋಪನೇ ಇರ್ಲಿಲ್ಲ, ಹುಟ್ಟೇ ಆರೋಪ ಆಗಿತ್ತು. ಇದನ್ನೆಲ್ಲ ಪರಿಶೀಲಿಸೋಕೆ 1980ರಲ್ಲಿ ಅಮೆರಿಕದ ಸಂಸತ್ತು ನೇಮಿಸಿದ ಆಯೋಗ ಇದಕ್ಕೆ ಸೈನಿಕ ಕಾರಣ ಏನೂ ಇರ್ಲಿಲ್ಲ, ಜನಾಂಗದ ದ್ವೇಷ, ಯುದ್ಧದ ಉನ್ಮಾದ, ನಾಯಕತ್ವದ ಸೋಲು ಇದೇ ಕಾರಣ ಅಂತ ಹೇಳ್ತು.

ಹಾಗಾಗಿ ನಾಯಕ ಒಳ್ಳೆಯವನಾ ಅಂತ ಕೇಳಿದ್ರೆ ಸಾಲಲ್ಲ. ಅವನು ಹೆದರಿದ ದಿನ, ಅವನಿಗೆ ತಪ್ಪು ಮಾಹಿತಿ ಬಂದ ದಿನ, ಜನ ಕೂಗಾಡಿ ಒತ್ತಡ ತಂದ ದಿನ ಅವನ ಕೈ ಹಿಡಿಯೋರು ಇದ್ದಾರಾ ಅಂತ ಕೇಳ್ಬೇಕು. ಬ್ರೇಕ್ ಇಲ್ಲದ ಬಸ್ಸಿಗೆ ಎಷ್ಟು ಒಳ್ಳೆ ಡ್ರೈವರ್ ಹಾಕಿದ್ರೂ ನಾನಂತೂ ನನ್ನ ಮನೆಯವರನ್ನ ಹತ್ತಿಸಲ್ಲ.

ಪ್ರಶ್ನೆ: ಕೋರ್ಟುಗಳು ಇರೋದೇ ಇದಕ್ಕಲ್ವಾ? ಅನ್ಯಾಯ ಆದ್ರೆ ಕೋರ್ಟಿಗೆ ಹೋದ್ರೆ ಆಯ್ತು. ನೀವು ಸುಮ್ನೆ ಜನರನ್ನ ಹೆದರಿಸ್ತಿದೀರಿ ಅನ್ಸತ್ತೆ. (ಕಾನೂನು ಓದ್ತಿರೋ ವಿದ್ಯಾರ್ಥಿನಿ)

ಉತ್ತರ: ಹೆದರಿಸೋ ಉದ್ದೇಶ ಇಲ್ಲಮ್ಮ. ಕೋರ್ಟು ಬೇಕು, ಕೋರ್ಟು ಕಾಪಾಡಿದ ಉದಾಹರಣೆಗಳು ತುಂಬಾ ಇವೆ. ಆದ್ರೆ ಸರ್ಕಾರ ಜೋರು ಮಾಡೋ ಹೊತ್ತಲ್ಲಿ ಕೋರ್ಟೂ ಅದರ ಜೊತೆಗೇ ನಿಂತ ದಿನಗಳು ಇವೆ, ನೀವು ಕಾನೂನು ಓದ್ತಿರೋದ್ರಿಂದ ಅದನ್ನ ಗೊತ್ತಿಟ್ಕೊಳ್ಳಲೇಬೇಕು.

1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ಇದ್ದ ತುರ್ತುಪರಿಸ್ಥಿತಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ವಿಚಾರಣೆ ಇಲ್ಲದೆ ಬಂಧಿಸಿ ಇಟ್ಟಿದ್ರು. ಕಾನೂನಿಗೆ ವಿರುದ್ಧವಾಗಿ ಒಳಗಿಟ್ಟಿದಾರೆ ಅಂತ ಬಂಧಿತರು ಕೋರ್ಟಿಗೆ ಬರಬಹುದು ಅಂತ ಹಲವು ಹೈಕೋರ್ಟುಗಳು ಹೇಳಿದ್ವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು, ಅದೇ ಎಡಿಎಂ ಜಬಲ್ಪುರ ಕೇಸು. ವಾದ ನಡೀತಿರುವಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ಪರ ವಾದಿಸ್ತಿದ್ದ ಅಟಾರ್ನಿ ಜನರಲ್ ಹತ್ರ ಕೇಳಿದ್ರು, ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ಹಗೆ ಇಟ್ಕೊಂಡು ಒಬ್ಬನನ್ನ ಕೊಂದುಹಾಕಿದ್ರೂ ಪರಿಹಾರ ಇಲ್ವಾ ಅಂತ. ತುರ್ತುಪರಿಸ್ಥಿತಿ ಇರೋವರೆಗೂ ಇಲ್ಲ ಅನ್ನೋ ಉತ್ತರ ಬಂತು. ಹಾಗಿದ್ರೂ 1976ರ ಏಪ್ರಿಲ್ 28ಕ್ಕೆ ಐದರಲ್ಲಿ ನಾಲ್ಕು ಜಡ್ಜ್‌ಗಳು ಸರ್ಕಾರದ ಪರ ತೀರ್ಪು ಕೊಟ್ರು, ಖನ್ನಾ ಒಬ್ಬರೇ ವಿರೋಧ ಬರೆದ್ರು. ಆಮೇಲೆ ಅವರ ಸೀನಿಯಾರಿಟಿ ಬದಿಗಿಟ್ಟು ಬೇರೆಯವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದ್ರು, ಅವರು ರಾಜೀನಾಮೆ ಕೊಟ್ಟು ಹೊರನಡೆದ್ರು. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತಳ್ಳಿಹಾಕಿದ್ದು 2017ರಲ್ಲಿ, ಪುಟ್ಟಸ್ವಾಮಿ ಕೇಸಿನಲ್ಲಿ. ನಲವತ್ತೊಂದು ವರ್ಷ ಆದ್ಮೇಲೆ. ಅಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿ ಅದೇ ತುರ್ತುಪರಿಸ್ಥಿತಿಯಲ್ಲಿ ತಿಂಗಳುಗಟ್ಟಲೆ ಜೈಲಲ್ಲಿದ್ದು, ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡ್ರು, 2017ರ ತೀರ್ಪು ಅವರ ಯಾವ ಉಪಯೋಗಕ್ಕೂ ಬರಲ್ಲ.

ಇನ್ನು ಜಪಾನಿನ ಇವಾವೊ ಹಕಮಾಡ ಅವರ ಕೇಸು ಓದಿ, ದಯವಿಟ್ಟು ಓದಿ. ಒಂದು ಕುಟುಂಬದ ನಾಲ್ಕು ಜನರ ಕೊಲೆ ಆರೋಪದ ಮೇಲೆ 1966ರಲ್ಲಿ ಹಿಡಿದು, ವಾರಗಟ್ಟಲೆ ದಿನಾ ಗಂಟೆಗಟ್ಟಲೆ ಕೂರಿಸಿ ಪ್ರಶ್ನೆ ಮಾಡಿ ತಪ್ಪೊಪ್ಪಿಗೆ ಬರೆಸ್ಕೊಂಡ್ರು, ಅವರು ಕೋರ್ಟಲ್ಲಿ ಅದು ಸುಳ್ಳು ಅಂದ್ರು. 1968ರಲ್ಲಿ ಮರಣದಂಡನೆ ಆಯ್ತು. ತೀರ್ಪು ಕೊಟ್ಟ ಮೂವರು ಜಡ್ಜ್‌ಗಳಲ್ಲಿ ಒಬ್ಬರಿಗೆ ಇವರು ನಿರಪರಾಧಿ ಅಂತ ಅನ್ನಿಸಿತ್ತು, ಆದ್ರೆ ಉಳಿದಿಬ್ಬರು ಒಪ್ಪದೇ ಇದ್ದಿದ್ರಿಂದ ಅವರೇ ಕೈಯಾರೆ ಮರಣದಂಡನೆಯ ತೀರ್ಪು ಬರೆಯಬೇಕಾಯ್ತು, ಅದನ್ನ ಅವರು ಬಾಯಿಬಿಟ್ಟು ಹೇಳಿದ್ದು 2007ರಲ್ಲಿ. ಹಕಮಾಡ 2014ರವರೆಗೂ ಒಳಗಿದ್ರು, ಯಾವ ಬೆಳಗ್ಗೆ ಗಲ್ಲಿಗೆ ಕರ್ಕೊಂಡ್ ಹೋಗ್ತಾರೋ ಅನ್ನೋದು ಗೊತ್ತಿಲ್ದೆ, ಬಹುಪಾಲು ಒಂಟಿ ಕೋಣೆಯಲ್ಲಿ, ಮನಸ್ಸಿನ ಸ್ವಾಸ್ಥ್ಯ ಪೂರ್ತಿ ಹಾಳಾಯ್ತು. ಅಕ್ಕ ಹಿಡೆಕೊ ಒಬ್ಬರು ಬಿಡದೆ ಹೋರಾಡಿದ್ರು. 2024ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಅವರನ್ನ ನಿರಪರಾಧಿ ಅಂತ ಘೋಷಿಸ್ತು, ರಕ್ತದ ಕಲೆ ಇದ್ದ ಬಟ್ಟೆಯ ಸಾಕ್ಷ್ಯವನ್ನ ತನಿಖೆ ಮಾಡಿದವರೇ ಸೃಷ್ಟಿಸಿದ್ದು ಅಂತಲೂ ಹೇಳ್ತು. ಆಗ ಅವರಿಗೆ 88 ವರ್ಷ.

ಕೋರ್ಟಿನ ಬಾಗಿಲು ತೆಗೆದಿದ್ರೆ ಸಾಲಲ್ಲ ಅಂತ ನಾನು ಹೇಳೋದು ಇದಕ್ಕೆ. ಪೊಲೀಸರು ಕೂರಿಸ್ಕೊಂಡ ಆ ಮೊದಲ ದಿನ ವಕೀಲರು ಪಕ್ಕದಲ್ಲಿ ಇದ್ರಾ, ಪ್ರಶ್ನೆ ಕೇಳಿದ್ದು ರೆಕಾರ್ಡ್ ಆಯ್ತಾ, ಆರೋಪಿಗೆ ಸಹಾಯ ಆಗೋ ಸಾಕ್ಷ್ಯವನ್ನ ಸರ್ಕಾರಿ ವಕೀಲರು ಮುಚ್ಚಿಡದೆ ಕೊಟ್ರಾ, ಇವೆಲ್ಲ ಆಗಿಲ್ಲ ಅಂದ್ರೆ ಕೋರ್ಟಿಗೆ ಬರೋ ಹೊತ್ತಿಗೆ ಅರ್ಧ ಸೋತಾಗಿರತ್ತೆ.

ಪ್ರಶ್ನೆ: ತಪ್ಪಾದ್ರೆ ಸರ್ಕಾರ ಪರಿಹಾರ ಕೊಡತ್ತಲ್ವಾ?

ಉತ್ತರ: ಕೊಡತ್ತೆ, ಕೆಲವೊಮ್ಮೆ. ಬಿಹಾರದ ರುದುಲ್ ಸಾಹ್ 1968ರಲ್ಲಿ ಕೋರ್ಟಿಂದ ಖುಲಾಸೆ ಆದ್ಮೇಲೂ 1982ರವರೆಗೆ ಜೈಲಲ್ಲೇ ಇದ್ರು, ಹದಿನಾಲ್ಕು ವರ್ಷ, ಖುಲಾಸೆ ಆದ್ಮೇಲೆ. 1983ರಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ಸೇರಿ 35,000 ರೂಪಾಯಿ ಕೊಡಿಸ್ತು, ಅದೂ ಮಧ್ಯಂತರ ಪರಿಹಾರ ಅಂತ. ಆ ತೀರ್ಪು ದೊಡ್ಡದೇ, ಮೂಲಭೂತ ಹಕ್ಕು ಮುರಿದ್ರೆ ಸರ್ಕಾರ ದುಡ್ಡು ಕಟ್ಟಬೇಕಾಗತ್ತೆ ಅನ್ನೋ ದಾರಿ ತೆರೆದಿದ್ದೇ ಅದು. ಆದ್ರೆ ಹದಿನಾಲ್ಕು ವರ್ಷ ಯಾವ ಖಜಾನೆಯಲ್ಲೂ ಇಲ್ಲ. ಆ ದುಡ್ಡು ಬರೋದು ತಪ್ಪು ಮಾಡಿದ ಅಧಿಕಾರಿಯ ಜೇಬಿಂದಲ್ಲ, ತೆರಿಗೆ ಕಟ್ಟೋ ಜನರದ್ದೇ ದುಡ್ಡು ಅದು, ಹಾಗಾಗಿ ಮುಂದಿನವನಿಗೆ ಪಾಠ ಏನೂ ಆಗಲ್ಲ.

ಪ್ರಶ್ನೆ: ನಾನೇ ಒಂದು ಸರ್ಕಾರಿ ಕಚೇರಿಯಲ್ಲಿ ಕೆಳಗಿನ ಹುದ್ದೆಯಲ್ಲಿದೀನಿ. ಈ ತಿಂಗಳು ಇಷ್ಟು ಕೇಸ್ ಮಾಡಲೇಬೇಕು ಅಂತ ಮೇಲಿನವರು ಟಾರ್ಗೆಟ್ ಕೊಡ್ತಾರೆ. ಕೆಲವು ಫೈಲು ನೋಡಿದ್ರೆ ಈ ಜನ ತಪ್ಪು ಮಾಡಿಲ್ಲ ಅಂತ ಗೊತ್ತಾಗತ್ತೆ. ಸಂಸಾರ ಇದೆ, ಟ್ರಾನ್ಸ್‌ಫರ್ ಭಯ ಇದೆ. ನಾನೇನು ಮಾಡ್ಲಿ? ಹೆಸರು ಹಾಕ್ಬೇಡಿ.

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನಿಮ್ಮದನ್ನ ಹೆಚ್ಚು ಸಲ ಓದಿದೆ. ನಿಮಗೆ ಮನಸ್ಸು ಚುಚ್ತಿದೆ ಅಂದ್ರೆ ಆ ಫೈಲಲ್ಲಿ ಇರೋ ಜನಕ್ಕೆ ಇನ್ನೂ ಒಂದು ಆಸರೆ ಇದೆ ಅಂತ ಅರ್ಥ.

ಟಾರ್ಗೆಟ್ ಅನ್ನೋದು ಎಷ್ಟು ದೂರ ಹೋಗಬಹುದು ಗೊತ್ತಾ. ಕೊಲಂಬಿಯಾದಲ್ಲಿ ಎಷ್ಟು ಬಂಡುಕೋರರನ್ನ ಕೊಂದ್ರಿ ಅನ್ನೋ ಸಂಖ್ಯೆ ಮೇಲೆ ಸೈನಿಕರಿಗೆ ರಜೆ, ಪದಕ, ಬಡ್ತಿ ಸಿಗ್ತಿತ್ತು. ಸಂಖ್ಯೆ ತುಂಬೋಕೆ ಅವರು ಕೆಲಸ ಕೊಡಿಸ್ತೀವಿ ಅಂತ ಬಡ ಹುಡುಗರನ್ನ ಕರ್ಕೊಂಡ್ ಹೋಗಿ, ಕೊಂದು, ಬಂಡುಕೋರರ ಬಟ್ಟೆ ತೊಡಿಸಿ ಲೆಕ್ಕಕ್ಕೆ ಸೇರಿಸಿದ್ರು. 2002ರಿಂದ 2008ರೊಳಗೆ ಹೀಗೆ ಸತ್ತವರು ಕನಿಷ್ಠ 6,402 ಮಂದಿ ಅಂತ ಅಲ್ಲಿನ ವಿಶೇಷ ನ್ಯಾಯಮಂಡಳಿ 2021ರಲ್ಲಿ ಹೇಳ್ತು. ನಿಮ್ಮ ಕಚೇರಿ ಅಲ್ಲಿಗೆ ಹೋಗತ್ತೆ ಅಂತ ಅಲ್ಲ, ಆದ್ರೆ ಸಂಖ್ಯೆ ಮೊದಲು, ಮನುಷ್ಯ ಆಮೇಲೆ ಅನ್ನೋ ರೀತಿ ಎರಡೂ ಕಡೆ ಒಂದೇ.

ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಕೊಡೋ ಸಹಾಯಧನದಲ್ಲಿ ವಂಚನೆ ಹಿಡೀತೀವಿ ಅಂತ ಹೊರಟ ತೆರಿಗೆ ಇಲಾಖೆ ಒಂದು ಸಹಿ ಬಿಟ್ಟುಹೋಗಿದೆ, ಒಂದು ಸಣ್ಣ ಮೊತ್ತ ಕಟ್ಟಿಲ್ಲ ಅನ್ನೋ ಕಾರಣಕ್ಕೂ ಇಡೀ ವರ್ಷದ ದುಡ್ಡು ವಾಪಸ್ ಕಟ್ಟಿ ಅಂತ ಸಾವಿರಾರು ಅಪ್ಪ ಅಮ್ಮಂದಿರಿಗೆ ನೋಟಿಸ್ ಕೊಡ್ತು, ಬೇರೆ ದೇಶದ ಪೌರತ್ವ ಇದ್ದವರನ್ನ ಹೆಚ್ಚು ಅನುಮಾನದಿಂದ ನೋಡ್ತು. ಮನೆ ಹೋಯ್ತು, ಸಂಸಾರ ಒಡೀತು. ಅದೇ ಇಲಾಖೆಯ ಒಳಗೆ ಸಾಂಡ್ರಾ ಪಾಲ್ಮೆನ್ ಅನ್ನೋ ಕಾನೂನು ಅಧಿಕಾರಿ 2017ರಲ್ಲೇ ನಾವು ಮಾಡಿದ್ದು ತಪ್ಪು, ಈ ಜನಕ್ಕೆ ಪರಿಹಾರ ಕೊಡಬೇಕು ಅಂತ ಟಿಪ್ಪಣಿ ಬರೆದ್ರು. ಅದನ್ನ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಆದ್ರೆ ಟಿಪ್ಪಣಿ ಉಳೀತು, ಆಮೇಲೆ ಹೊರಗೆ ಬಂತು, ನಮಗೆ ಗೊತ್ತೇ ಇರ್ಲಿಲ್ಲ ಅಂತ ಮೇಲಿನವರು ಹೇಳೋಕೆ ಕಷ್ಟ ಆಯ್ತು, ಕೊನೆಗೆ 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಡ್ತು.

ಆಸ್ಟ್ರೇಲಿಯಾದ ರೋಬೋಡೆಟ್ ಹಗರಣದಲ್ಲೂ ಹಾಗೇ. ಸರ್ಕಾರದ ಸಹಾಯಧನ ಪಡೆದವರ ವರ್ಷದ ಆದಾಯವನ್ನ ಕಂಪ್ಯೂಟರ್ ಎರಡೆರಡು ವಾರಕ್ಕೆ ಸಮನಾಗಿ ಹಂಚಿ, ನೀವು ಹೆಚ್ಚಿಗೆ ಪಡೆದಿದೀರಿ, ಸರ್ಕಾರಕ್ಕೆ ಬಾಕಿ ಇದೀರಿ ಅಂತ ಲಕ್ಷಾಂತರ ಜನಕ್ಕೆ ನೋಟಿಸ್ ಹೋಯ್ತು, ಈ ಲೆಕ್ಕ ಕಾನೂನಿಗೆ ಸರಿಹೋಗಲ್ಲ ಅಂತ ಇಲಾಖೆಯ ಒಳಗಿನ ಕಾನೂನು ಸಲಹೆ 2014ರಲ್ಲೇ ಬರಹದಲ್ಲಿತ್ತು. 2023ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್‌ಗೆ, ಅಂದ್ರೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗಕ್ಕೆ, ಆ ಬರಹ ಸಿಕ್ತು.

ಅದಕ್ಕೆ ನಿಮಗೆ ನನ್ನ ಸಲಹೆ ಇಷ್ಟೇ, ಹೀರೋ ಆಗ್ಬೇಡಿ, ಬರೀರಿ. ಬಾಯಿಮಾತಿನ ಆದೇಶ ಬಂದ್ರೆ ವಿನಯವಾಗಿ ಲಿಖಿತವಾಗಿ ಕೊಡಿ ಸಾರ್ ಅಂತ ಕೇಳಿ, ಅರ್ಧ ಆದೇಶಗಳು ಅಲ್ಲೇ ಬಿದ್ದುಹೋಗ್ತವೆ. ಫೈಲಿನ ಟಿಪ್ಪಣಿಯಲ್ಲಿ ನೀವು ನೋಡಿದ ಸಂಗತಿ ಮಾತ್ರ ಬರೀರಿ, "ದಾಖಲೆ ಪರಿಶೀಲಿಸಲಾಗಿ ಇಂಥ ಸಂಗತಿ ಕಂಡುಬಂದಿರುತ್ತದೆ" ಅಂತ, ಅಭಿಪ್ರಾಯ ಬೇಡ, ಕೋಪ ಬೇಡ. ನೀವು ನೋಡದೇ ಇರೋದಕ್ಕೆ ಸಹಿ ಹಾಕ್ಬೇಡಿ, ಇದೊಂದು ವಿಷಯದಲ್ಲಿ ಮಾತ್ರ ಯಾರು ಹೇಳಿದ್ರೂ ಬಗ್ಗಬೇಡಿ. ಜೊತೆಗೆ ನಂಬಿಕಸ್ಥ ಸಹೋದ್ಯೋಗಿ ಒಬ್ಬರಾದ್ರೂ ಇದ್ರೆ ಅವರ ಹತ್ರ ಮಾತಾಡಿ, ಒಬ್ಬರೇ ಬರೆದ್ರೆ ಎತ್ತಂಗಡಿ ಮಾಡೋದು ಸುಲಭ, ನಾಲ್ಕು ಫೈಲಲ್ಲಿ ನಾಲ್ಕು ಜನ ಒಂದೇ ಸಂಗತಿ ಬರೆದ್ರೆ ಅಷ್ಟು ಸುಲಭ ಅಲ್ಲ. ಟ್ರಾನ್ಸ್‌ಫರ್ ಆಗಲ್ಲ ಅಂತ ನಾನು ಭರವಸೆ ಕೊಡೋಕೆ ಆಗಲ್ಲ, ಆಗಬಹುದು.

ಪ್ರಶ್ನೆ: ನಮ್ಮಣ್ಣನಿಗೆ ಒಂದು ಇಲಾಖೆಯಿಂದ ನೋಟಿಸ್ ಬಂದಿದೆ, ಹೆಚ್ಚಿಗೆ ಪಡೆದ ಹಣ ವಾಪಸ್ ಕಟ್ಟಿ ಅಂತ. ಅವನು ಹೆಚ್ಚಿಗೆ ಏನೂ ಪಡೆದಿಲ್ಲ. ಆದ್ರೂ ಮರ್ಯಾದೆ ಹೋಗತ್ತೆ, ಸಾಲ ಮಾಡಿ ಕಟ್ಟಿಬಿಡ್ತೀನಿ ಅಂತಿದಾನೆ. ಮನೇಲಿ ಯಾರ ಹತ್ರನೂ ಮಾತಾಡ್ತಿಲ್ಲ. ಏನು ಮಾಡೋದು?

ಉತ್ತರ: ತಂಗಿ, ಮೊದಲು ದುಡ್ಡು ಕಟ್ಟೋದು ತಡೀರಿ. ತಪ್ಪಿಲ್ಲದೆ ಕಟ್ಟಿದ್ರೆ ಅದನ್ನೇ ಒಪ್ಪಿಗೆ ಅಂತ ಮುಂದೆ ತೋರಿಸೋ ಅಪಾಯ ಇದೆ. ಹಾಗಂತ ನೋಟಿಸನ್ನ ಮಡಚಿ ಒಳಗಿಡಲೂ ಬೇಡಿ, ಗಡುವಿನ ಒಳಗೆ ಉತ್ತರ ಹೋಗಲೇಬೇಕು, ಉತ್ತರ ಬಂದಿಲ್ಲ ಅನ್ನೋ ಒಂದೇ ಕಾರಣಕ್ಕೆ ಮುಂದಿನ ಆದೇಶ ಹೊರಡಿಸಿಬಿಡ್ತಾರೆ. ಉತ್ತರದಲ್ಲಿ ಈ ಮೊತ್ತ ಹೇಗೆ ಬಂತು, ಯಾವ ತಿಂಗಳಿಂದು, ಯಾವ ಕಾನೂನಿನ ಯಾವ ಕಲಂ ಪ್ರಕಾರ, ಯಾವ ದಾಖಲೆ ನೋಡಿ ಹೇಳ್ತಿದೀರಿ, ಅದರ ಪ್ರತಿ ಕೊಡಿ ಅಂತ ಕೇಳಿ, ಮೊತ್ತವನ್ನ ಒಪ್ಪಿಲ್ಲ ಅಂತ ಸ್ಪಷ್ಟವಾಗಿ ಬರೀರಿ. ಕೈಯಾರೆ ಕೊಟ್ರೆ ಸ್ವೀಕೃತಿ ಸೀಲು, ತಾರೀಖು ಹಾಕಿಸ್ಕೊಳ್ಳಿ, ಅಂಚೆಯಲ್ಲಿ ಕಳಿಸಿದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ಫೋನಲ್ಲಿ ಯಾರಾದ್ರೂ ಮಾತಾಡಿದ್ರೆ ಯಾರು, ಯಾವಾಗ, ಏನಂದ್ರು ಅಂತ ಅವತ್ತೇ ಒಂದು ಪುಸ್ತಕದಲ್ಲಿ ಬರೆದಿಡಿ.

ಇದೇ ನೋಟಿಸ್ ಬೇರೆ ಯಾರಿಗಾದ್ರೂ ಬಂದಿದೆಯಾ ವಿಚಾರಿಸಿ, ಬಂದಿರೋ ಸಾಧ್ಯತೆ ಜಾಸ್ತಿ. ದುಡ್ಡಿಲ್ಲ ಅಂತ ವಕೀಲರನ್ನ ಬಿಡಬೇಡಿ, ಉಚಿತ ಕಾನೂನು ನೆರವು ಕೊಡೋ ವ್ಯವಸ್ಥೆ ಇದೆ, ಕೋರ್ಟಿನ ಆವರಣದಲ್ಲಿ ಕೇಳಿದ್ರೆ ಹೇಳ್ತಾರೆ.

ಇನ್ನೊಂದು, ಇದು ಮೇಲಿನ ಎಲ್ಲಕ್ಕಿಂತ ಮೊದಲು ಆಗಬೇಕಾದ್ದು. ಅಣ್ಣ ಮಾತು ಬಿಟ್ಟಿದಾನೆ ಅಂದ್ರೆ ಅದನ್ನ ಹಗುರವಾಗಿ ತಗೋಬೇಡಿ. ನೀನು ತಪ್ಪು ಮಾಡಿಲ್ಲ ಅಂತ ನಮಗೆ ಗೊತ್ತು ಅಂತ ಎದುರಿಗೆ ಕೂತು ಹೇಳಿ, ಅವನು ನಂಬೋ ತನಕ ಹೇಳಿ. ರಾತ್ರಿ ಒಬ್ಬನೇ ಕೂತು ಆ ಕಾಗದ ಓದ್ತಿರೋಕೆ ಬಿಡಬೇಡಿ, ಮೂಲ ಪ್ರತಿ ನೀವು ತಗೊಂಡು ಜೋಪಾನ ಮಾಡಿ. ಕಚೇರಿಗಾಗಲಿ ವಕೀಲರ ಹತ್ರಕ್ಕಾಗಲಿ ಹೋಗುವಾಗ ಜೊತೆಗೆ ನೀವೂ ಹೋಗಿ. ಗಡುವು ಮುಗಿಯೋಕೆ ಎಷ್ಟು ದಿನ ಇದೆ ಅಂತ ಇವತ್ತೇ ನೋಡಿ, ಉತ್ತರ ಬರೆಯೋಕೆ ಸಹಾಯ ಬೇಕಿದ್ರೆ ನೋಟಿಸಿನ ನಕಲು ಕಳಿಸಿ, ಹೆಸರು ವಿಳಾಸ ಅಳಿಸಿ ಕಳಿಸಿ.